ಯೋಧನ ಮನೆಗೆ ಪುಢಾರಿಗಳು ಬಂದರು: ಹಾರ ಬಂತು, ಕಾಗದ ಬಂತೇ?

ಹುಮನಾಬಾದಿನ ಹೆದ್ದಾರಿಯಲ್ಲಿ ಬಸ್ಸು ನಿಂತರೆ ಒಳಗಿದ್ದ ಮಂದಿ ಮೊದಲು ಬೈಯುವುದು ಡ್ರೈವರನನ್ನು, ಆಮೇಲೆ ಸರ್ಕಾರವನ್ನು. ವೀರಭದ್ರೇಶ್ವರ ಜಾತ್ರೆ ಇರಬೇಕು, ಇಲ್ಲಾ ಯಾವನೋ ಮಂತ್ರಿ ಬರುತ್ತಿರಬೇಕು ಎಂದು ಗೊಣಗುತ್ತಾರೆ. ಆದರೆ ಮುಂದಿನ ಗಾಡಿಯ ಮೇಲೆ ಚೆಂಡುಹೂವಿನ ಮಾಲೆ, ತ್ರಿವರ್ಣದ ಬಟ್ಟೆ, ಸಮವಸ್ತ್ರದಲ್ಲಿ ನೆಟ್ಟಗೆ ನಿಂತ ನಾಲ್ಕು ಜವಾನರು ಕಂಡರೆಂದರೆ ಗೊಣಗಾಟ ತನ್ನಷ್ಟಕ್ಕೆ ನಿಲ್ಲುತ್ತದೆ. ಹೈದರಾಬಾದಿನಲ್ಲಿ ವಿಮಾನದಿಂದ ಇಳಿದ ಪೆಟ್ಟಿಗೆ ಜಹೀರಾಬಾದ, ಮನ್ನಾಎಖೇಳಿ ದಾಟಿ ನಮ್ಮ ತಾಲೂಕಿನ ಯಾವುದೋ ಹಳ್ಳಿಗೆ ಹೊರಟಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಕಾರರು ಅರ್ಧ ಶಟರ್ ಎಳೆದು ಹೊರಗೆ ಬಂದು ನಿಲ್ಲುತ್ತಾರೆ. ಆ ದಿನ ಯಾರೂ ಹಾರ್ನ್ ಹೊಡೆಯುವುದಿಲ್ಲ.

ಆ ಗಾಡಿಯ ಹಿಂದೆ ಇನ್ನೊಂದು ಮೆರವಣಿಗೆ ಬರುತ್ತದಲ್ಲ, ಬಿಳಿ ಕಾರುಗಳದ್ದು? ಇಂದಿನ ಮಾತು ಅದರ ಬಗ್ಗೆ.

ನಮ್ಮ ಕಡೆ ಸತ್ತವರ ಮನೆಗೆ ಹೋಗುವುದಕ್ಕೆ ‘ಮಾತಾಡ್ಸಲಿಕ್ಕ ಹೋಗೋದು’ ಅಂತಾರೆ. ಹೆಸರಿಗೆ ಮಾತಾಡಿಸುವುದು, ಆದರೆ ಅಲ್ಲಿ ಮಾತು ಬಹಳ ಕಡಿಮೆ. ಗಂಡಸರು ತಲೆಯ ಮೇಲಿನ ರುಮಾಲು ತೆಗೆದು, ಬಾಯಾಗಿನ ಎಲೆ-ಅಡಿಕೆ ಉಗುಳಿ, ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಾರೆ. ಹೆಣ್ಣುಮಕ್ಕಳು ಒಳಗೆ ಹೋಗಿ ಕೊರಳಿಗೆ ಬಿದ್ದು ಅಳುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲವಾದ್ದರಿಂದ ಬೀಗರು, ನೆರೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಏಳುವಾಗ ‘ಬರ್ತೀವ್ರಿ’ ಎಂದು ಹೇಳುವ ಹಾಗಿಲ್ಲ, ಎದ್ದು ನಡೆಯುವುದಷ್ಟೇ. ಮುಸಲ್ಮಾನರ ಗಲ್ಲಿಯಲ್ಲಿ ಇದಕ್ಕೆ ಪುರ್ಸಾ ಅಂತಾರೆ. ಅಲ್ಲಿಯೂ ಹಂಗೇ, ಕೈ ಹಿಡಿದು ಒಂದೆರಡು ಮಾತು, ಸಬರ್ ಇರಲಿ ಅಂತ, ಮುಗೀತು. ಇದನ್ನು ಯಾರೂ ಸಾಲಿಯಲ್ಲಿ ಕಲಿಸಿಲ್ಲ, ಆದರೂ ಕಲ್ಯಾಣದ ಭಾಜಿ ಮಾರುವವನಿಂದ ಹಿಡಿದು ದೊಡ್ಡ ಸಾವ್ಕಾರನವರೆಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಒಂದೇ ಜಾತಿಯವರು, ಅದು ಪುಢಾರಿಗಳ ಜಾತಿ.

ಅವರು ಬರುವ ರೀತಿ ಓದುಗರು ಕಂಡಿದ್ದೇ. ಮೊದಲು ಚೇಲಾ ಬರುತ್ತಾನೆ. ಪ್ಲಾಸ್ಟಿಕ್ ಖುರ್ಚಿ ಎಲ್ಲಿ, ಸಾಹೇಬರು ಎಲ್ಲಿ ಕೂಡಬೇಕು, ಮುದುಕಿಯನ್ನು ಯಾವ ಬದಿಗೆ ಕೂಡಿಸಬೇಕು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಆಮೇಲೆ ಫೋಟೋದವನು, ಅವನ ಹಿಂದೆ ಸಾಹೇಬರು. ಹೂವಿನ ಚಕ್ರ ಇಡುವಾಗ ಮೂವರ ಕೈ ಅದರ ಮೇಲೆ ಇರಬೇಕು, ಕತ್ತು ಮಾತ್ರ ಕ್ಯಾಮರಾ ಕಡೆ. ‘ಅಮರ್ ರಹೇ’ ಘೋಷಣೆ. ಅಳುತ್ತಾ ಕೂತವಳ ಮುಂದೆ ಇಂತಿಷ್ಟು ಲಕ್ಷ ಎಂಬ ಪ್ರಕಟಣೆ. ಹದಿನೈದು ನಿಮಿಷ ಹಿಡಿದರೆ ಹೆಚ್ಚು. ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದು ನಿಂತಿರುತ್ತದೆ. ಅದರಲ್ಲಿ ಸತ್ತ ಹುಡುಗನ ಮುಖ ಪಾಸ್‌ಪೋರ್ಟ್ ಸೈಜು, ಸಂತಾಪ ಸೂಚಿಸಿದವರ ಮುಖ ಆಳೆತ್ತರ.

ಇಂಥ ಭೇಟಿ ಕೆಟ್ಟು ನಿಂತ ಪ್ರಕರಣ ನಮ್ಮ ರಾಜ್ಯದಲ್ಲೇ ಒಂದು ನಡೆದಿದೆ. 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಉಗ್ರರ ಜೊತೆ ಕಾದಾಡುತ್ತಾ ಎನ್‌ಎಸ್‌ಜಿಯ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದರು. ಮೂಲ ಕೇರಳದವರಾದರೂ ಮನೆ ಬೆಂಗಳೂರಿನ ಯಲಹಂಕದಲ್ಲಿ, ತಂದೆ ಇಸ್ರೋದ ನಿವೃತ್ತ ಅಧಿಕಾರಿ. ನವೆಂಬರ್ 29ರಂದು ಬೆಂಗಳೂರಿನಲ್ಲಿ ಅಂತ್ಯಕ್ರಿಯೆ ಆಯಿತು, ಊರಿಗೆ ಊರೇ ಸೇರಿತ್ತು. ಕೇರಳ ಸರ್ಕಾರದ ಪರವಾಗಿ ಮಾತ್ರ ಯಾರೂ ಇರಲಿಲ್ಲ. ಟೀಕೆ ಎದ್ದ ಮೇಲೆ ಮರುದಿನ ಆಗಿನ ಮುಖ್ಯಮಂತ್ರಿ ಅಚ್ಯುತಾನಂದನ್ ಮನೆಗೆ ಬಂದರು. ಅವರು ಬರುವ ಮುಂಚೆ ಪೊಲೀಸರು, ತಪಾಸಣೆ ನಾಯಿ. ಮಗನನ್ನು ಕಳಕೊಂಡ ಮನೆಗೆ ನಾಯಿ ಬಿಟ್ಟು ಮೂಸಿಸುವುದೆಂದರೆ ಯಾವ ತಂದೆ ತಡೆದುಕೊಂಡಾನು? ಆ ತಂದೆ ಮುಖ್ಯಮಂತ್ರಿಗೆ ನಡೀರಿ ಆಚೆ ಎಂದರು.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮುಖ್ಯಮಂತ್ರಿಗಳು ಸಿಟ್ಟಿನಲ್ಲಿ, ಅದು ಸಂದೀಪನ ಮನೆ ಆಗಿರದಿದ್ದರೆ ಆ ಕಡೆ ಒಂದು ನಾಯಿ ಕೂಡ ಹೋಗುತ್ತಿರಲಿಲ್ಲ ಎಂಬರ್ಥದ ಮಾತು ಆಡಿಬಿಟ್ಟರು. ದೇಶವೆಲ್ಲ ಛೀ ಅಂದಿತು. ಕಡೆಗೆ ವಿಷಾದ ಸೂಚಿಸಬೇಕಾಯಿತು. ಅಚ್ಯುತಾನಂದನ್ ಸಾಮಾನ್ಯ ಪುಢಾರಿ ಅಲ್ಲ, ಇಡೀ ಜೀವನ ಹೋರಾಟದಲ್ಲಿ ಸವೆಸಿದ ಮನುಷ್ಯ. ಅಂಥವರೇ ಮುಗ್ಗರಿಸಿದರು ಅಂದಮೇಲೆ ನಮ್ಮ ತಾಲೂಕಿನ ಮರಿ ಲೀಡರುಗಳ ಪಾಡೇನು?

ಇನ್ನೊಂದು ಪ್ರಕರಣ 2023ರದು. ಆ ನವೆಂಬರಿನಲ್ಲಿ ಜಮ್ಮುವಿನ ರಜೌರಿ ಕಾಡಿನಲ್ಲಿ ನಡೆದ ಕಾಳಗದಲ್ಲಿ ಐವರು ಸೈನಿಕರು ಸತ್ತರು. ಅವರಲ್ಲಿ ಒಬ್ಬರು ನಮ್ಮ ರಾಜ್ಯದ ಕ್ಯಾಪ್ಟನ್ ಎಂ. ವಿ. ಪ್ರಾಂಜಲ್, ಇನ್ನೊಬ್ಬರು ಆಗ್ರಾದ ಕ್ಯಾಪ್ಟನ್ ಶುಭಂ ಗುಪ್ತಾ. ಶುಭಂ ಅವರ ಮನೆಗೆ ಉತ್ತರ ಪ್ರದೇಶದ ಮಂತ್ರಿಯೊಬ್ಬರು ಚೆಕ್ಕು ಹಿಡಿದುಕೊಂಡು ಹೋದರು. ಮಗನ ಶವ ಇನ್ನೂ ಮನೆಗೆ ಬಂದಿರಲಿಲ್ಲ. ತಾಯಿ ಬಿಕ್ಕಿ ಬಿಕ್ಕಿ ಅಳುತ್ತಾ, ಇದನ್ನೆಲ್ಲ ಪ್ರದರ್ಶನ ಮಾಡಬೇಡಿರಪ್ಪಾ ಎಂದು ಕೈಮುಗಿದು ಬೇಡಿಕೊಳ್ಳುತ್ತಿದ್ದರೂ ಫೋಟೋ ತೆಗೆಯುವುದು ನಿಲ್ಲಲಿಲ್ಲ. ಆ ಚಿತ್ರ ಮೊಬೈಲಿನಲ್ಲಿ ದೇಶವೆಲ್ಲ ತಿರುಗಿತು, ನಮ್ಮ ಬಸ್ಸುಗಳಲ್ಲಿಯೂ ಮಂದಿ ನೋಡಿ ಹಲ್ಲು ಕಡಿದರು. ಚೆಕ್ಕನ್ನು ಒಂದು ವಾರ ಬಿಟ್ಟು ಕೊಟ್ಟಿದ್ದರೆ ಬ್ಯಾಂಕು ತೊಗೊಳ್ಳುವುದಿಲ್ಲ ಅಂತಿತ್ತೇನು?

ಪುಢಾರಿಗಳ ಕಡೆಯ ಮಾತನ್ನೂ ಹೇಳಿಬಿಡೋಣ. ಹೋದರೆ ಪ್ರಚಾರಕ್ಕೆ ಬಂದ ಅಂತೀರಿ, ಹೋಗದಿದ್ದರೆ ಸತ್ತರೂ ಬರಲಿಲ್ಲ ಅಂತೀರಿ, ನಾವೇನು ಮಾಡೋಣ್ರಿ ಎಂಬುದು ಅವರ ಗೋಳು. ಇದರಲ್ಲಿ ಸುಳ್ಳಿಲ್ಲ. ಶಾಸಕರು ಬರದಿದ್ದರೆ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕುವವರು ನಾವು ಪತ್ರಿಕೆಯವರೇ. ಯಲಹಂಕದ ತಂದೆಯ ಸಿಟ್ಟೂ ಮೊದಲು ಹುಟ್ಟಿದ್ದು ಯಾರೂ ಬರಲಿಲ್ಲ ಎಂಬುದರಿಂದ. ಹಳ್ಳಿಯ ಮನೆಯವರಿಗೆ ದೊಡ್ಡವರು ಬಂದು ನಿಂತದ್ದು ಒಂದು ಮರ್ಯಾದೆ, ಅದನ್ನು ಹತ್ತು ವರ್ಷವಾದರೂ ನೆನೆಯುತ್ತಾರೆ. ಹೀಗಾಗಿ ಬರಬೇಡಿರಿ ಎಂದು ಈ ಅಂಕಣ ಹೇಳುವುದಿಲ್ಲ. ಬರ್ರಿ. ಕಾರು ಊರ ಹೊರಗೆ ನಿಲ್ಲಿಸಿ ಬರ್ರಿ, ಫೋಟೋದವನನ್ನು ಕಾರಿನಲ್ಲೇ ಬಿಟ್ಟು ಬರ್ರಿ.

ಈ ಮೆರವಣಿಗೆಗೆ ಬಹಳ ಹಳೆಯ ಇತಿಹಾಸವೇನೂ ಇಲ್ಲ. 1962, 1965, 1971ರ ಯುದ್ಧಗಳಲ್ಲಿ ಸತ್ತವರ ಅಂತ್ಯಕ್ರಿಯೆ ಸಾಮಾನ್ಯವಾಗಿ ರಣರಂಗದ ಹತ್ತಿರವೇ ಆಗಿಬಿಡುತ್ತಿತ್ತು. ಮನೆಗೆ ಬರುತ್ತಿದ್ದುದು ತಂತಿ. ಟಪಾಲಿನವನು ಹೊತ್ತಲ್ಲದ ಹೊತ್ತಿನಲ್ಲಿ ಸೈಕಲ್ ಹೊಡಕೊಂಡು ಬಂದನೆಂದರೆ ಓಣಿಯ ಎದೆ ಧಸಕ್ಕೆನ್ನುತ್ತಿತ್ತು. ಇಂಗ್ಲಿಷಿನಲ್ಲಿದ್ದ ಎರಡು ಸಾಲು ಓದಿ ಹೇಳಲು ಸಾಲಿ ಮಾಸ್ತರರು ಬೇಕು. ಆ ಮೇಲೆ ಒಂದು ಟ್ರಂಕು ಬರುತ್ತಿತ್ತು, ಅದರಲ್ಲಿ ಬಟ್ಟೆ, ಕಾಗದಪತ್ರ. ತಂತಿ ಸೇವೆಯೂ 2013ರ ಜುಲೈಗೆ ಮುಗಿದುಹೋಯಿತು. ಪೆಟ್ಟಿಗೆಗಳನ್ನು ಸಾಲುಸಾಲಾಗಿ ಊರಿಗೆ ಕಳಿಸುವುದು ಶುರುವಾದದ್ದು 1999ರ ಕಾರ್ಗಿಲ್ ಕಾಲಕ್ಕೆ. ಆ ಕಾಳಗದಲ್ಲಿ 527 ಮಂದಿ ಮಡಿದರು. ಅದೇ ಹೊತ್ತಿಗೆ ಟಿ.ವಿ. ಮನೆಮನೆಗೆ ಬಂದಿತ್ತು, ಅದೇ ವರ್ಷ ಲೋಕಸಭೆ ಚುನಾವಣೆಯೂ ಇತ್ತು. ಮೂರೂ ಕೂಡಿದ ಮೇಲೆ ಇನ್ನೇನು ಬೇಕು? ಶವಕ್ಕೆ ಹೆಗಲು ಕೊಡುವುದು ಮಂತ್ರಿಗಳ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿತು.

ಚುನಾವಣೆ ಮಾತು ಬಂತಲ್ಲ, ನಮ್ಮ ಕಲ್ಯಾಣಕ್ಕೆ ಅನುಕಂಪದ ಲೆಕ್ಕ ಹೊಸದೇನೂ ಅಲ್ಲ. ಶಾಸಕ ಬಿ. ನಾರಾಯಣರಾವ್ 2020ರಲ್ಲಿ ಕೊರೊನಾದಿಂದ ತೀರಿಕೊಂಡು 2021ರ ಏಪ್ರಿಲ್ 17ಕ್ಕೆ ಉಪಚುನಾವಣೆ ಆದಾಗ ಅವರ ಪತ್ನಿಗೇ ಟಿಕೆಟ್ ಕೊಟ್ಟರು. ಕಣ್ಣೀರು ಮತವಾಗುತ್ತದೆ ಎಂಬ ಲೆಕ್ಕ ಆ ಸಲ ತಪ್ಪಿತು. ಮಂದಿ ಮಣ್ಣಿಗೆ ಬರುವುದು ಬೇರೆ, ಮತಗಟ್ಟೆಗೆ ಬರುವುದು ಬೇರೆ. ಇದು ಪುಢಾರಿಗಳಿಗೆ ಇನ್ನೂ ತಿಳಿದಂತಿಲ್ಲ.

ಗೋರಟಾದ ಸಂಗತಿಯನ್ನೂ ಇಲ್ಲೇ ನೆನೆಯಬಹುದು. 1948ರ ಮೇ ತಿಂಗಳಲ್ಲಿ, ನಿಜಾಮರ ರಾಜ್ಯ ಇನ್ನೂ ಭಾರತಕ್ಕೆ ಸೇರದ ಕಾಲಕ್ಕೆ, ಬಸವಕಲ್ಯಾಣದ ಭಾಗದ ಗೋರಟಾ (ಬಿ) ಹಳ್ಳಿಗೆ ರಜಾಕಾರರು ನುಗ್ಗಿ ಕಂಡಕಂಡವರನ್ನು ಕೊಂದರು. ಸತ್ತವರು ಇನ್ನೂರರಷ್ಟು ಎನ್ನುತ್ತಾರೆ. ಅವರು ಸಿಪಾಯಿಗಳಲ್ಲ, ಹೊಲಮನೆ ಮಾಡಿಕೊಂಡಿದ್ದ ಮಂದಿ. ಆ ಊರಿನಲ್ಲಿ ದೊಡ್ಡ ಸ್ಮಾರಕಕ್ಕೆ ಅಮಿತ್ ಶಾ ಅಡಿಗಲ್ಲು ಹಾಕಿದ್ದು 2014ರಲ್ಲಿ. ಸ್ಮಾರಕವನ್ನೂ 103 ಅಡಿ ಎತ್ತರದ ಧ್ವಜಸ್ತಂಭವನ್ನೂ ಅವರೇ ಉದ್ಘಾಟಿಸಿದ್ದು 2023ರ ಮಾರ್ಚ್ 26ಕ್ಕೆ. ಮೂರು ದಿನ ಬಿಟ್ಟು, ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ಸ್ಮಾರಕ ಬೇಕಿತ್ತು, ಆಯಿತು, ಸಂತೋಷ. ಆದರೆ ಎಪ್ಪತ್ತೈದು ವರ್ಷ ಕಾದ ಸತ್ತವರು ಇನ್ನೊಂದು ತಿಂಗಳು ಮುಂಚೆಯೋ ಹಿಂದೆಯೋ ಆಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಕ್ಯಾಲೆಂಡರ್ ನೋಡುವುದರಲ್ಲಿ ಎಲ್ಲ ಪಕ್ಷದವರೂ ಒಂದೇ, ಆ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡುವಂತಿಲ್ಲ. ಸೈನಿಕರ ಫೋಟೋ ಹಾಕಿ ಮತ ಕೇಳಬೇಡಿರೆಂದು ಚುನಾವಣಾ ಆಯೋಗ 2013ರಲ್ಲಿ ಒಮ್ಮೆ, ಪುಲ್ವಾಮಾ ಆದ ಮೇಲೆ 2019ರ ಮಾರ್ಚ್ 9ರಂದು ಇನ್ನೊಮ್ಮೆ ಪಕ್ಷಗಳಿಗೆ ಬರೆಯಬೇಕಾಯಿತು ಎಂದರೆ ನೀವೇ ತಿಳಕೊಳ್ಳಿರಿ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿರಾಕಿಗೆ ಬರಬೇಕಾದ ಚಿಲ್ಲರೆಯನ್ನೇ ಇನಾಮು ಎಂದು ಕೈಗಿಟ್ಟರೆ ಹೇಗಿರುತ್ತದೆ? ಸಂತಾಪದ ದಿನ ಆಗುವುದು ಬಹಳ ಸಲ ಇದೇ.

ಸೈನಿಕ ಸತ್ತರೆ ಕೇಂದ್ರ ಸರ್ಕಾರ ಕೊಡುವ ಪರಿಹಾರಕ್ಕೆ 2016ರ ಜನವರಿ 1ರಿಂದ ಜಾರಿಯಾದ ನಿಯಮವಿದೆ. ಕರ್ತವ್ಯದ ಮೇಲೆ ಅಪಘಾತವಾದರೆ 25 ಲಕ್ಷ, ಭಯೋತ್ಪಾದಕರ ಕೃತ್ಯದಲ್ಲಿ ಸತ್ತರೆ 25 ಲಕ್ಷ. ಗಡಿ ಚಕಮಕಿಯಲ್ಲೋ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲೋ ಸತ್ತರೆ 35 ಲಕ್ಷ, ಎತ್ತರದ ಹಿಮದ ಠಾಣೆಗಳಲ್ಲಿ ನಿಸರ್ಗದ ವಿಕೋಪಕ್ಕೆ ಬಲಿಯಾದರೂ ಅಷ್ಟೇ. ಯುದ್ಧದಲ್ಲಿ ಶತ್ರುವಿನ ಕೈಯಲ್ಲಿ ಸತ್ತರೆ 45 ಲಕ್ಷ. ಇದು ಯಾವ ಪುಢಾರಿಯ ಕೃಪೆಯೂ ಅಲ್ಲ. ಪಿಂಚಣಿಯಲ್ಲೂ ಮೂರು ತರ. ಕಾರ್ಯಾಚರಣೆಯಲ್ಲಿ ಸತ್ತರೆ ಕಡೆಯ ಪಗಾರದಷ್ಟು ಪೂರ್ತಿ ಪಿಂಚಣಿ, ಸೇವೆಯ ಕಾರಣಕ್ಕೆ ಬಂದ ಬೇರೆ ಸಾವಾದರೆ ನೂರಕ್ಕೆ 60, ಸೇವೆಗೆ ಸಂಬಂಧವಿಲ್ಲದ ಸಾವಾದರೆ 30. ಹೆಂಡತಿಮಕ್ಕಳ ಮುಂದಿನ ಐವತ್ತು ವರ್ಷ ನಿಂತಿರುವುದು ಈ ಮೂರರಲ್ಲಿ ಯಾವುದು ಎಂಬ ಒಂದು ಟಿಪ್ಪಣಿಯ ಮೇಲೆ. 2024ರ ಡಿಸೆಂಬರಿನಲ್ಲಿ ಪೂಂಛ್‌ನಲ್ಲಿ ಸೈನ್ಯದ ಗಾಡಿ ಕಂದಕಕ್ಕೆ ಬಿದ್ದು ಜವಾನರು ಸತ್ತರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಊರಿನಲ್ಲಿ ಮೆರವಣಿಗೆ, ಘೋಷಣೆ ಎಲ್ಲರಿಗೂ ಒಂದೇ. ಕಾಗದದಲ್ಲಿ ಮಾತ್ರ ಗುಂಡಿಗೆ ಬಿದ್ದವನೇ ಬೇರೆ, ಗುಂಡಿಯಲ್ಲಿ ಬಿದ್ದವನೇ ಬೇರೆ.

ಅಗ್ನಿವೀರರ ಲೆಕ್ಕವಂತೂ ಪೂರ್ತಿ ಬೇರೆ. 2022ರಲ್ಲಿ ಬಂದ ಆ ಯೋಜನೆಯಲ್ಲಿ 48 ಲಕ್ಷದ ವಿಮೆ ಇದೆ, ಕರ್ತವ್ಯದ ಕಾರಣಕ್ಕೆ ಸತ್ತರೆ 44 ಲಕ್ಷದ ಪರಿಹಾರ ಇದೆ. ಕುಟುಂಬಕ್ಕೆ ಪಿಂಚಣಿ ಇಲ್ಲ. ಬೆಳಗಿನ ಜಾವ ಹೆದ್ದಾರಿ ಬದಿಗೆ ಓಡುವ ನಮ್ಮ ಹುಡುಗರ ಅಪ್ಪ-ಅವ್ವಂದಿರಿಗೆ ಇದು ಗೊತ್ತಿರಬೇಕು.

‘ಹುತಾತ್ಮ’ ಎಂಬ ಮಾತಿನದೂ ಒಂದು ತಮಾಷೆ. ಫ್ಲೆಕ್ಸಿನಲ್ಲಿ, ಭಾಷಣದಲ್ಲಿ ಧಾರಾಳವಾಗಿ ಓಡಾಡುವ ಈ ಪದಕ್ಕೆ ಸೈನ್ಯದಲ್ಲಾಗಲಿ ಅರೆಸೈನಿಕ ಪಡೆಯಲ್ಲಾಗಲಿ ಅಧಿಕೃತ ಅರ್ಥವೇ ಇಲ್ಲವೆಂದು 2015ರ ಡಿಸೆಂಬರಿನಲ್ಲಿ ಸರ್ಕಾರವೇ ಲೋಕಸಭೆಯಲ್ಲಿ ಹೇಳಿತು. ಕಚೇರಿಗೆ ಹೋಗಿ ನಾನು ಹುತಾತ್ಮನ ಹೆಂಡತಿ ಎಂದರೆ ಗುಮಾಸ್ತ ಕೇಳುವುದು, ಯಾವ ವರ್ಗ, ಆದೇಶದ ನಂಬರ್ ಎಷ್ಟು ಎಂದು.

ರಾಜ್ಯ ಸರ್ಕಾರದ ದುಡ್ಡು ಇದರ ಮೇಲೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹುಗಿದುಹೋಗಿ ಜೀವಂತ ಹೊರಬಂದ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? ಕುಂದಗೋಳ ತಾಲೂಕಿನ ಬೆಟದೂರಿನ ಆ ಜವಾನ ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಪ್ರಧಾನಿ ಆಸ್ಪತ್ರೆಗೇ ಹೋಗಿ ನೋಡಿ ಬಂದಿದ್ದರು. ರಾಜ್ಯ ಸರ್ಕಾರ 25 ಲಕ್ಷ, ಜಮೀನು, ನಿವೇಶನ, ಪತ್ನಿಗೆ ನೌಕರಿ ಎಂದು ಪ್ರಕಟಿಸಿತು. ನೌಕರಿಯ ಮಾತು ಆಮೇಲೆಯೂ ಬಹಳ ಕಾಲ ಪತ್ರಿಕೆಗಳಲ್ಲಿ ಓಡಾಡಿತು. ಅದೇ ಹಿಮದಲ್ಲಿ ಹಾಸನದ ಹತ್ತಿರದ ತೇಜೂರಿನ ಸುಬೇದಾರ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಕೂಡ ಸತ್ತರು. ಅವರ ಹೆಸರು ಎಷ್ಟು ಮಂದಿಗೆ ನೆನಪಿದೆ? ಕ್ಯಾಮರಾ ಹೋದ ಕಡೆ ಮಂತ್ರಿ, ಮಂತ್ರಿ ಹೋದ ಕಡೆ ಕ್ಯಾಮರಾ.

2019ರ ಪುಲ್ವಾಮಾ ದಾಳಿಯಲ್ಲಿ ಸತ್ತ 40 ಮಂದಿ ಸಿ.ಆರ್.ಪಿ.ಎಫ್. ಜವಾನರಲ್ಲಿ ಮದ್ದೂರು ತಾಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ 25 ಲಕ್ಷ ಮತ್ತು ಪತ್ನಿಗೆ ನೌಕರಿ ಘೋಷಿಸಿದರು. 2023ರಲ್ಲಿ ಕ್ಯಾಪ್ಟನ್ ಪ್ರಾಂಜಲ್ ಕುಟುಂಬಕ್ಕೆ ಸಿದ್ದರಾಮಯ್ಯ ಸರ್ಕಾರ 50 ಲಕ್ಷ ಎಂದಿತು. ನಡುವೆ 2022ರ ಸ್ವಾತಂತ್ರ್ಯೋತ್ಸವದ ಭಾಷಣದಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ, ಸೇವೆಯಲ್ಲಿದ್ದಾಗ ಮಡಿದ ರಾಜ್ಯದ ಸೈನಿಕರ ಕುಟುಂಬದ ಒಬ್ಬರಿಗೆ ಸರ್ಕಾರಿ ನೌಕರಿ ಎಂದು ಪ್ರಕಟಿಸಿದರು. ಒಳ್ಳೆಯ ಮಾತು. ಆದರೆ ಭಾಷಣಕ್ಕೂ ನೇಮಕಾತಿ ಆದೇಶಕ್ಕೂ ನಡುವೆ ಎಷ್ಟು ಮೇಜುಗಳಿವೆ ಎಂಬುದು ತಹಶೀಲ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಸಾಹೇಬರು ಎಂದೂ ಕೇಳದ ಪ್ರಶ್ನೆ ಒಂದಿದೆ. ಚೆಕ್ಕು ಯಾರ ಕೈಗೆ? ಮನೆಯಲ್ಲಿ ಹಡೆದ ತಾಯಿ ಇರುತ್ತಾಳೆ, ಕೈಹಿಡಿದ ಹೆಂಡತಿ ಇರುತ್ತಾಳೆ. ಹೆಂಡತಿ ಬಹಳ ಸಲ ಇಪ್ಪತ್ತೈದು ದಾಟದವಳು, ಕಂಕುಳಲ್ಲಿ ಕೂಸು. ನಿಯಮದ ಪ್ರಕಾರ ಪಿಂಚಣಿ ಮೊದಲು ಹೆಂಡತಿಯದು. ಮಗನ ಪಗಾರದ ಮೇಲೆಯೇ ಬದುಕಿದ್ದ ಮುದುಕರ ಗತಿಯೇನು ಎಂಬ ಚರ್ಚೆ ದೇಶದಲ್ಲಿ ಇನ್ನೂ ನಡೆದಿದೆ. ನಾಲ್ಕು ಮಂದಿಯ ಮುಂದೆ, ಫೋಟೋಕ್ಕೆ ಚಲೋ ಕಾಣುತ್ತದೆಂದು ಒಬ್ಬಳ ಕೈಗೆ ಚೆಕ್ಕು ಕೊಟ್ಟು ಹೋದರೆ ಅತ್ತೆ-ಸೊಸೆ ನಡುವೆ ಅಂದೇ ಗೋಡೆ ಎದ್ದಿತೆಂದು ತಿಳಿಯಿರಿ. ಹಿರಿಯರಿಬ್ಬರನ್ನು ಕೂಡಿಸಿಕೊಂಡು, ಇದು ಅವ್ವನದು, ಇದು ಸೊಸೆಯದು, ಇದು ಕೂಸಿನ ಹೆಸರಿಗೆ ಬ್ಯಾಂಕಿನಲ್ಲಿ ಎಂದು ಬಗೆಹರಿಸಿಕೊಟ್ಟರೆ ಅದು ಸಂತಾಪ. ಅದಕ್ಕೆ ಅರ್ಧ ದಿನ ಬೇಕು, ಫೋಟೋ ಬರುವುದಿಲ್ಲ.

ಧ್ವಜದ ವಿಷಯದಲ್ಲಿ ಸೈನಿಕರನ್ನು ನೋಡಿ ಕಲಿಯಬೇಕು. ಪೆಟ್ಟಿಗೆ ಮೇಲೆ ಹೊದಿಸಿದಾಗ ಕೇಸರಿ ಬಣ್ಣ ತಲೆಯ ಕಡೆಗಿರಬೇಕು. ಧ್ವಜ ಮಣ್ಣಿಗೂ ಹೋಗಕೂಡದು, ಬೆಂಕಿಗೂ ಹೋಗಕೂಡದು. ಹೂಳುವ ಅಥವಾ ಸುಡುವ ಮುಂಚೆ ಅದನ್ನು ತೆಗೆದು, ಮಡಚಿ, ಮನೆಯವರ ಕೈಗೆ ಕೊಡುತ್ತಾರೆ. ಅಧಿಕಾರಿ ಒಂದು ಮಾತೂ ಹೆಚ್ಚು ಆಡುವುದಿಲ್ಲ, ಸೆಲ್ಯೂಟ್ ಹೊಡೆದು ಹಿಂದೆ ಸರಿಯುತ್ತಾನೆ. ನಮ್ಮ ಮಾತಾಡ್ಸೋ ಪದ್ಧತಿಗೆ ಅದು ಎಷ್ಟು ಹತ್ತಿರ ನೋಡಿರಿ.

ಮಣ್ಣಾದ ಮೂರನೆಯ ದಿನಕ್ಕೆ ಫ್ಲೆಕ್ಸ್ ಹರಿಯುತ್ತದೆ. ಓಡಾಟ ಶುರುವಾಗುವುದು ಆಗ. ಮರಣ ಪ್ರಮಾಣಪತ್ರ, ವಂಶಾವಳಿ, ಬ್ಯಾಂಕ್ ಪಾಸ್‌ಬುಕ್. ಸೈನ್ಯದ ದಾಖಲೆಯಲ್ಲಿ ಅವ್ವನ ಹೆಸರು ನಾಗಮ್ಮ ಎಂದಿದ್ದು ಆಧಾರ್ ಕಾರ್ಡಿನಲ್ಲಿ ನಾಗಮ್ಮಾಬಾಯಿ ಎಂದಿದ್ದರೆ ಮುಗೀತು ಕಥೆ. ಕನ್ನಡ, ಮರಾಠಿ, ಉರ್ದು ಮೂರೂ ಕೂಡಿದ ನಮ್ಮ ಸೀಮೆಯಲ್ಲಿ ಒಬ್ಬರ ಹೆಸರಿಗೆ ಮೂರು ರೂಪ ಇರುವುದು ಸಾಮಾನ್ಯ. ಆ ಒಂದು ‘ಬಾಯಿ’ಗಾಗಿ ಅಫಿಡವಿಟ್ಟು, ನೋಟರಿ, ಮತ್ತೆ ನಾಡ ಕಚೇರಿ. ಹುಡುಗ ಮರಾಠಾ ಲಘು ಪದಾತಿ ದಳದವನಾದರೆ ಅದರ ಕೇಂದ್ರ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವನಾದರೆ ವೆಲ್ಲಿಂಗ್ಟನ್. ಪಿಂಚಣಿಯ ಮಂಜೂರಿ ಪ್ರಯಾಗರಾಜದ ಲೆಕ್ಕ ಕಚೇರಿಯಿಂದ. ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಜವಾನನಾಗಿದ್ದರೆ ಅವು ಗೃಹ ಇಲಾಖೆಯ ಪಡೆಗಳು, ಕಾಗದ ಅವರವರ ಬಟಾಲಿಯನ್ ಮೂಲಕ ನಡೆಯುತ್ತದೆ. ಸೈನಿಕ ಕಲ್ಯಾಣ ಇಲಾಖೆಗೆ ಹೋದರೆ ಇದು ನಮ್ಮದಲ್ಲಮ್ಮಾ ಅಂತಾರೆ. ಊರಿನ ಮಂದಿಗೆ ಎಲ್ಲರೂ ಮಿಲಿಟ್ರಿಯವರೇ, ಈ ಭೇದ ಯಾರು ತಿಳಿಸಿ ಹೇಳಬೇಕು?

ಬಸವಕಲ್ಯಾಣದ ಕಡೆಯ ಹಳ್ಳಿಯಿಂದ ಬೀದರಿನ ಜಿಲ್ಲಾ ಕಚೇರಿ ಎಂಬತ್ತು ಕಿಲೋಮೀಟರಿನ ದಾರಿ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಎಂಬುದಷ್ಟೇ ಸಮಾಧಾನ. ಆದರೆ ದಿನ ಹೋಗುತ್ತದೆ, ಕೂಲಿ ಹೋಗುತ್ತದೆ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂಬ ಉತ್ತರ ಬರುತ್ತದೆ.

ಶಾಸಕರಿಗೆ, ಸಂಸದರಿಗೆ, ಉಸ್ತುವಾರಿ ಮಂತ್ರಿಗಳಿಗೆ ಈ ಅಂಕಣದ ಕೋರಿಕೆ ಸಣ್ಣದು. ಮುಂದಿನ ಸಲ ಇಂಥ ಮನೆಗೆ ಹೋಗುವಾಗ ತಹಶೀಲ್ದಾರರನ್ನು ಜೊತೆಗೆ ಕರಕೊಂಡು ಹೋಗಿರಿ. ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಒಂದು ವಾರದಲ್ಲಿ ಆ ಮನೆಗೇ ಮುಟ್ಟುವಂತೆ ಮಾಡಿರಿ. ನಿಮ್ಮ ಆಪ್ತ ಸಹಾಯಕರಲ್ಲಿ ಒಬ್ಬನ ಫೋನ್ ನಂಬರ್ ಬರೆದುಕೊಟ್ಟು ಬರ್ರಿ, ಅವನು ಫೋನ್ ಎತ್ತುವವನಾಗಿರಲಿ. ಆರು ತಿಂಗಳು ಬಿಟ್ಟು ಒಂದು ಸಲ ಹೋಗಿ, ಪಿಂಚಣಿ ಶುರುವಾಯಿತೇನವ್ವಾ ಎಂದು ಕೇಳಿರಿ. ಆಗ ಈ ಪತ್ರಿಕೆಯವರನ್ನು ಕರೆಯುವುದು ಬೇಡ. ಸುದ್ದಿ ಹಳ್ಳಿಯಿಂದ ಬಸ್ ಸ್ಟ್ಯಾಂಡಿಗೆ ತಾನೇ ಬರುತ್ತದೆ, ನಾವು ಅಲ್ಲೇ ಚಹಾ ಕುಡಿಯುತ್ತಾ ನಿಂತಿರುತ್ತೇವೆ.